ಗುಡ್ಡದ ಬುಡದ ಶಾಲೆಗೆ ಹಸಿರು ಅಂಗಳ ಮಾಡಬಹುದಾ?

ಮುಂಡರಗಿ ಮೇಷ್ಟ್ರು: ನಮ್ಮ ಶಾಲೆ ಕಪ್ಪತಗುಡ್ಡದ ಬುಡದಲ್ಲಿದೆ. ಮರದ ದಿಮ್ಮಿ, ಬಿದಿರಿನ ಗುಡಿಸಲು, ಗಿಡಗಳ ನಡುವೆ ಮಕ್ಕಳು ಆಡಲಿ ಅಂತ ಆಸೆ. ಆದರೆ ಬೇಸಿಗೆ ಬಂತಂದ್ರೆ ಹುಲ್ಲು ಒಣಗಿ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಏನು ಮಾಡಲಿ?

ಗದಗ ಗಿಡದವ: ಗಾಳಿಯಲ್ಲಿ ಹಾರಿ ಬರುವ ಕಿಡಿಯೇ ಜಾಸ್ತಿ ಅಪಾಯ, ಹಾಗಾಗಿ ಗೋಡೆಯಿಂದ 5 ಅಡಿ ಬರೀ ಜಲ್ಲಿ ಹಾಸಿ, ಅಲ್ಲಿ ಗಿಡ, ದಿಮ್ಮಿ, ತರಗೆಲೆ ಏನೂ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಕಾಡಂಚಿನ ಕಟ್ಟಡದ ಸುತ್ತ 100 ಅಡಿವರೆಗೆ ಒಣ ಹುಲ್ಲು, ಪೊದೆ ಹತೋಟಿಯಲ್ಲಿಡಬೇಕು ಅಂತ ಕಾನೂನೇ ಇದೆ. ಮರಳುಗುಂಡಿ, ಬಂಡೆಗಳನ್ನು ಗುಡ್ಡದ ಕಡೆಗೇ ಇಡಿ, ಹುಲ್ಲಿನ ಬೆಂಕಿಗೆ ಅಡ್ಡವಾಗುತ್ತವೆ.

ಶಿರಹಟ್ಟಿ ಹುಡುಗಿ: ಬಿದಿರಿನ ಗುಡಿಸಲು ಬೇಡ ಸರ್, ಹೊಂಗೆ ಮರದ ನೆರಳು ಸಾಕಲ್ವಾ? ಎಲೆ ಉದುರಿದಾಗ ದಿನಾ ಗುಡಿಸಬೇಕು ಅಷ್ಟೆ.

ಮುಂಡರಗಿ ಮೇಷ್ಟ್ರು: ಗುಡಿಸಲು ಬೇಕು ಅಂತ ಕೇಳಿದ್ದೇ ಮಕ್ಕಳು! ಅದರ ಬದಲು ಕಲ್ಲಿನ ಕಟ್ಟೆಗೆ ಒಪ್ಪುತ್ತಾರಾ ನೋಡುತ್ತೇನೆ.