ಸಹಾಯ ಬೇಕು: ಟೈಮರ್ ಮಧ್ಯದಲ್ಲಿ ನಿಲ್ಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಅವರಿಗಾಗಿ ಒಂದು ಕ್ವಿಜ್ ಪೇಜ್ ಮಾಡಿದ್ದೇನೆ, 20 ಪ್ರಶ್ನೆ, 10 ನಿಮಿಷ. ಜಾವಾಸ್ಕ್ರಿಪ್ಟಿನ ಸೆಟ್‌ಇಂಟರ್ವಲ್‌ಗೆ 1000 ಮಿಲಿಸೆಕೆಂಡ್ ಕೊಟ್ಟು (ಅಂದರೆ ಸೆಕೆಂಡಿಗೊಮ್ಮೆ ಅದೇ ಕೆಲಸ ಮತ್ತೆ ಮಾಡು ಅಂತ ಹೇಳಿ) 600ರಿಂದ ಕೆಳಗೆ ಎಣಿಸುತ್ತೇನೆ. ಸೊನ್ನೆಗೆ ಬಂದರೆ ಪೇಪರ್ ತಾನಾಗೇ ಸಬ್ಮಿಟ್ ಆಗುತ್ತದೆ, ಅದು ಸರಿ ಇದೆ.

ತೊಂದರೆ ಇರುವುದು ಬೇಗ ಮುಗಿಸುವ ಮಕ್ಕಳಿಗೆ. 'ಮುಗೀತು' ಬಟನ್ ಒತ್ತಿದರೆ ಟೈಮರ್ ಅಲ್ಲೇ ನಿಲ್ಲಬೇಕು ಅಲ್ವಾ? ಮೊದಲು ಟೈಮರ್ ನಿಲ್ಲಿಸುವ ಕ್ಲಿಯರ್‌ಇಂಟರ್ವಲ್ ಕೆಲಸವೇ ಮಾಡಲಿಲ್ಲ, ಯಾಕೆಂದರೆ ಸೆಟ್‌ಇಂಟರ್ವಲ್ ಕೊಡುವ ನಂಬರನ್ನು (ಯಾವ ಟೈಮರ್ ಅಂತ ಗುರುತಿಸುವ ನಂಬರ್) ಶುರು ಮಾಡುವ ಫಂಕ್ಷನ್ ಒಳಗೇ ಲೆಟ್ ಹಾಕಿ, ಅಂದರೆ ಆ ಫಂಕ್ಷನ್ನಿಗೆ ಮಾತ್ರ ಸಿಗುವ ವೇರಿಯಬಲ್ ಆಗಿ ಇಟ್ಟಿದ್ದೆ, ನಿಲ್ಲಿಸುವ ಫಂಕ್ಷನ್ನಿಗೆ ಅದು ಸಿಗುತ್ತಿರಲಿಲ್ಲ. ಹೊರಗೆ ತಂದ ಮೇಲೆ ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ನಿಲ್ಲುತ್ತಿದೆ.

ಆದರೆ ನಿನ್ನೆ ಒಬ್ಬ ಹುಡುಗಿ ನಾಲ್ಕೇ ನಿಮಿಷದಲ್ಲಿ ಮುಗಿಸಿ ಬಟನ್ ಒತ್ತಿದಳು, ಆಮೇಲೂ ಅವಳ ಫೋನಿನಲ್ಲಿ ಸೆಕೆಂಡು ಇಳಿಯುತ್ತಲೇ ಇತ್ತು, ಕೊನೆಗೆ ಪೇಪರ್ ಎರಡು ಸಲ ಸಬ್ಮಿಟ್ ಆಯಿತು. ಪಾಪ, ತುಂಬಾ ಗಾಬರಿಯಾದಳು. ರಾತ್ರಿ ಕೂತು ನೋಡಿದೆ. ಪೇಜ್ ನಿಧಾನ ಅಂತ ಮಕ್ಕಳು 'ಶುರು' ಬಟನ್ ಎರಡು ಸಲ ಒತ್ತುತ್ತಾರೆ, ಆಗ ಸೆಕೆಂಡಿಗೆ ಎರಡೆರಡು ಇಳಿಯುತ್ತದೆ. ನಿಲ್ಲಿಸಿದರೆ ಒಂದು ಮಾತ್ರ ನಿಲ್ಲುತ್ತದೆ. ಮೊದಲಿನ ಟೈಮರಿನ ನಂಬರ್ ಅಳಿಸಿ ಎರಡನೆಯದು ಬಂದು ಕೂರುತ್ತದೆ ಅಂತ ನನಗನಿಸುತ್ತದೆ.

ನನ್ನ ಪ್ರಶ್ನೆ ಇಷ್ಟೇ: ಹೊಸ ಟೈಮರ್ ಶುರು ಮಾಡುವ ಮುಂಚೆ ಹಳೆಯದನ್ನು ಕ್ಲಿಯರ್ ಮಾಡಿದರೆ ಸಾಕಾ, ಇಲ್ಲಾ 'ಶುರು' ಬಟನ್ನನ್ನೂ ಡಿಸೇಬಲ್ ಮಾಡಬೇಕಾ? ಗೊತ್ತಿದ್ದವರು ನಾಲ್ಕು ಸಾಲು ಕೋಡ್ ಬರೆದು ತೋರಿಸಿ. ಭಾನುವಾರ ಮತ್ತೆ ಟೆಸ್ಟ್ ಇದೆ.