ಶೆಟ್ರ ಮಂಡೆಗೆ ಒಂದು ಹಳೇ ಟೋಪಿ

ಮಂಗಳೂರು ಬಂದರಿನ ಒಂದು ಗುಜರಿ ಅಂಗಡಿ. ಮೇಜಿನ ಮೇಲೆ ಬೂದು ಬಣ್ಣದ ಫೆಲ್ಟ್ ಟೋಪಿ, ಅಂದರೆ ರೋಮವನ್ನು ಒತ್ತಿ ಮಾಡಿದ ಬಟ್ಟೆಯದ್ದು. ಅಂಗಡಿ ಹಮೀದಾಕನದ್ದು, ಟೋಪಿ ಬೇಕಾದದ್ದು ಶೆಟ್ರಿಗೆ, ಟೋಪಿಯ ವಿಷಯ ಗೊತ್ತಿರುವುದು ಪೊರ್ಬುಗಳಿಗೆ. ಭಟ್ರಿಗೆ ಟೋಪಿ ಬೇಡ, ವಿಷಯವೂ ಗೊತ್ತಿಲ್ಲ. ಹಾಗಾಗಿ ಜಾಸ್ತಿ ಮಾತಾಡುವುದು ಅವರೇ.

ಹಮೀದಾಕ: ಅಸಲಿ ಸ್ಟೆಟ್ಸನ್ ಕಂಪನಿಯದ್ದು ಶೆಟ್ರೇ. ಅಮೆರಿಕದ್ದು. 1930ರ ಮಾಲು. ನಿಮಗೆ ಅಂತ ಆರು ಸಾವಿರ.

ಶೆಟ್ರು: (ಟೋಪಿಯ ಮೂತಿ ಹಿಡಿದೆತ್ತಿ ತಲೆಗಿಟ್ಟು) ಹೇಗುಂಟು?

ಪೊರ್ಬು: ಇಡಿ ಇಡಿ, ಮೊದಲು ಕೆಳಗಿಡಿ ಮಾರಾಯ್ರೆ! ಎದುರಲ್ಲಿ ಚಿವುಟಿದ ಹಾಗೆ ಉಂಟಲ್ಲ, ಅಲ್ಲಿ ಹಿಡಿದು ಹಿಡಿದೇ ಹಳೇ ಟೋಪಿಗಳೆಲ್ಲ ಸೀಳಿ ಹೋಗುವುದು. ಮಡಿಕೆಯ ತುದಿಯಲ್ಲಿ ಫೆಲ್ಟ್ ಸವೆದು ತೆಳ್ಳಗಾಗಿರ್ತದೆ. ಸುತ್ತಲೂ ಚಾಚಿದ ಅಂಚು ಉಂಟಲ್ಲ, ಬ್ರಿಮ್, ಹಿಂದೆ ಮುಂದೆ ಅದಕ್ಕೆ ಎರಡು ಕೈ ಕೊಟ್ಟು ಎತ್ತಬೇಕು. ಮತ್ತೆ, ನೀವು ಹಾಕಿದ್ದು ಹಿಂದುಮುಂದು.

ಭಟ್ರು: ಟೋಪಿಗೂ ಹಿಂದುಮುಂದು ಉಂಟಾ?

ಪೊರ್ಬು: ಗಂಡಸರ ಟೋಪಿಯಲ್ಲಿ ಹೊರಗಿನ ರಿಬ್ಬನ್ನಿನ ಬೋ ಎಡಕ್ಕೆ ಬರಬೇಕು. ಒಳಗೆ ಬೆವರು ಹೀರುವ ಚರ್ಮದ ಪಟ್ಟಿ ಉಂಟಲ್ಲ, ಅದರ ಎರಡು ತುದಿ ಸೇರುವ ಜಾಗ ಹಿಂದೆ. ಅಲ್ಲೊಂದು ಸಣ್ಣ ಬೋ ಇರ್ತದೆ.

ಭಟ್ರು: (ಟೋಪಿಯೊಳಗೆ ಮೂಗು ಪೂರ್ತಿ ಹಾಕಿ) ವಾಸನೆ ಅಂತೂ ಹಳೇ ಟ್ರಂಕಿನದ್ದೇ. ಸಂಶಯವೇ ಇಲ್ಲ.

ಪೊರ್ಬು: 1930ರದ್ದು ಅಂತ ಹಮೀದಾಕ ಹೇಳಿದ್ದು ನಿಜವಾದ್ರೆ ಭಟ್ರೇ, ನೀವು ಈಗ ಮೂಸಿದ್ದರಲ್ಲಿ ಪಾದರಸವೂ ಇದ್ದೀತು.

ಭಟ್ರು: ಎಂತ?

ಪೊರ್ಬು: ಟೋಪಿಗೆ ಹಾಕುವ ಮೊಲದ ರೋಮ ನುಣುಪು. ಕುರಿಯ ಉಣ್ಣೆಯಷ್ಟು ಸುಲಭದಲ್ಲಿ ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲ. ಅದಕ್ಕೆ ನೈಟ್ರಿಕ್ ಆಸಿಡ್ಡಿನಲ್ಲಿ ಪಾದರಸ ಕರಗಿಸಿ ತೊಗಲಿನ ಮೇಲೆ ಉಜ್ಜುತ್ತಿದ್ರು. ರೋಮದ ಹೊರಪೊರೆ ಎದ್ದು ದೊರಗಾಗ್ತದೆ, ಮತ್ತೆ ಬಿಸಿನೀರು ಹಾಕಿ ಒತ್ತಿದರೆ ಬಿಡದ ಹಾಗೆ ಹೆಣೆದುಕೊಳ್ತದೆ. ಅದನ್ನು ಹಬೆಯಲ್ಲಿ ಹದ ಮಾಡುವಾಗ ಆವಿ ಸೀದಾ ಕೆಲಸದವರ ಮೂಗಿಗೆ. ಕೈಕಾಲು ನಡುಕ, ಸುಮ್ಮಸುಮ್ಮನೆ ಸಿಟ್ಟು, ನಾಲ್ಕು ಜನರ ಎದುರು ಬರಲಿಕ್ಕೆ ಅಂಜಿಕೆ. ಕನೆಕ್ಟಿಕಟ್ಟಿನಲ್ಲಿ ಡ್ಯಾನ್‌ಬರಿ ಅಂತ ಟೋಪಿ ಮಾಡುವ ಊರು, ಕಾಯಿಲೆಗೆ ಆ ಊರಿನ ಹೆಸರೇ ಬಿತ್ತು, ‘ಡ್ಯಾನ್‌ಬರಿ ನಡುಕ’ ಅಂತ. ಅಮೆರಿಕದಲ್ಲಿ ಅದನ್ನು ನಿಲ್ಲಿಸಿದ್ದು 1941ರ ಡಿಸೆಂಬರ್ 1ಕ್ಕೆ.

ಶೆಟ್ರು: ಸುಮ್ಮಸುಮ್ಮನೆ ಸಿಟ್ಟು ಭಟ್ರಿಗೆ ಮೊದಲಿಂದಲೂ ಉಂಟು.

ಪೊರ್ಬು: ಒಂದು ಸಲ ಮೂಸಿದ್ದಕ್ಕೆ ಏನೂ ಆಗ್ಲಿಕ್ಕಿಲ್ಲ. ಆದ್ರೆ ಆ ಕಾಲದ ಟೋಪಿಗಳಲ್ಲಿ ಪಾದರಸ ಈಗಲೂ ಉಳಿದಿರ್ತದೆ. ಮುಚ್ಚಿದ ಕೋಣೆಯಲ್ಲಿ ಹಬೆ ಹಿಡೀಬಾರದು, ಮರಳುಕಾಗದ ಹಾಕಿ ಉಜ್ಜಿ ಧೂಳು ಎಬ್ಬಿಸಬಾರದು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀಬೇಕು.

(ಭಟ್ರು ಹಿಂದಿನ ನಳ್ಳಿಗೆ ಹೋಗಿ ಕೈ ತೊಳೆದು ಬಂದರು. ನೆನಪಾಗಿ ಮತ್ತೆ ಹೋಗಿ ಮೂಗೂ ತೊಳೆದು ಬಂದರು.)

ಹಮೀದಾಕ: ಹಾಗಾದ್ರೆ 30ರದ್ದಾ ಅಲ್ವಾ ಅಂತ ಈಗಲೇ ನೋಡುವ. ಭಟ್ರ ಜೀವವೂ ನಿಂತದ್ದು ಅದರಲ್ಲೇ, ನನ್ನ ಆರು ಸಾವಿರವೂ ನಿಂತದ್ದು ಅದರಲ್ಲೇ.

ಪೊರ್ಬು: ಟಾರ್ಚ್ ಕೊಡಿ. ಮೊದಲು ಚರ್ಮದ ಪಟ್ಟಿ. ಇದನ್ನು ಕಂಡಕೂಡಲೇ ಮಗುಚಿ ನೋಡುವವರಿದ್ದಾರೆ, ಅವರ ಕೈಗೆ ಟೋಪಿ ಕೊಡಲೇಬಾರದು. ಒಣಗಿದ ಚರ್ಮ ಹಪ್ಪಳದ ಹಾಗೆ, ಮಡಚಿದರೆ ಚಟ್ ಅಂತ ಎರಡು ತುಂಡು. ಹೆಬ್ಬೆರಳಿನಲ್ಲಿ ಮೆಲ್ಲ ಒತ್ತಿ. ಬಗ್ಗಿ ವಾಪಸು ಬಂತಾ, ಜೀವ ಉಂಟು ಅಂತ ಲೆಕ್ಕ. ಬೆರಳಿಗೆ ಕೆಂಪು ಪುಡಿ ಹಿಡೀತಾ, ಚರ್ಮ ಕೊಳೆತದ್ದು. ಅದಕ್ಕೆ ಯಾವ ಮದ್ದೂ ಇಲ್ಲ.

ಶೆಟ್ರು: ಎರಡು ಹನಿ ತೆಂಗಿನೆಣ್ಣೆ ಹಾಕಿದ್ರೆ ಮೆತ್ತಗಾಗ್ಲಿಕ್ಕಿಲ್ವಾ?

ಪೊರ್ಬು: ನಮ್ಮೂರಿನವರಿಗೆ ಬಾಗಿಲಿನ ಕೀಲಿಗೂ ಅದೇ, ಕಾಲುನೋವಿಗೂ ಅದೇ. ಎಣ್ಣೆ ಚರ್ಮದಲ್ಲಿ ನಿಲ್ಲುವುದಿಲ್ಲ ಶೆಟ್ರೇ, ದಾಟಿ ಫೆಲ್ಟಿಗೆ ಇಳಿದು ರಿಬ್ಬನ್ನಿನ ಮೇಲೆ ಕಪ್ಪು ಬಳೆ ಬರೀತದೆ, ಮತ್ತೆ ಕಮಟು ವಾಸನೆ. ಪಟ್ಟಿ ಇನ್ನೂ ಮೆತ್ತಗಿದ್ರೆ ಮಾತ್ರ ಚರ್ಮಕ್ಕೆ ಹಾಕುವ ಕಂಡೀಷನರನ್ನು ಬಟ್ಟೆಯ ತುದಿಗೆ ಚೂರು ತಾಗಿಸಿ ಒರೆಸಬಹುದು. ಒಣಗಿ ಬಿರುಕು ಬಿಟ್ಟದ್ದನ್ನು ಹಾಗೇ ಬಿಡಬೇಕು.

ಹಮೀದಾಕ: ನನ್ನದು ಮೆತ್ತಗುಂಟು. ನೋಡಿ, ನೋಡಿ.

ಪೊರ್ಬು: ಎದುರಲ್ಲಿ ಮೆತ್ತಗುಂಟು, ಹಿಂದೆ ಹೊಲಿಗೆ ಎರಡು ಇಂಚು ಬಿಟ್ಟಿದೆ. ಈಗ ಹೊಲಿಗೆ ಬಿಟ್ಟಲ್ಲಿ ಪಟ್ಟಿಯನ್ನು ಬೆರಳಿನಷ್ಟು ಎತ್ತಿ ಟಾರ್ಚ್ ಬಿಡಿ. ಅಲ್ಲೇ ಟೋಪಿಯ ಜಾತಕ ಇರುವುದು. ಕಾಗದದ ಚೀಟಿ ಕಂಡಿತಾ? ಸೈಜ್ 7 3/8. ಕೆಲವು ಅಮೆರಿಕನ್ ಟೋಪಿಯಲ್ಲಿ ಕಾರ್ಮಿಕ ಸಂಘದ ಲೇಬಲ್ಲೂ ಇರ್ತದೆ, ಸುತ್ತ ಹಲ್ಲು ಹಲ್ಲು ಅಂಚು. ಅಲ್ಲಿಯ ಟೋಪಿ ಕೆಲಸದವರ ಎರಡು ಸಂಘ ಒಂದಾದದ್ದು 1934ರಲ್ಲಿ. ಲೇಬಲ್ಲಿನಲ್ಲಿ ಒಟ್ಟು ಸೇರಿದ ಹೆಸರು ಇದ್ದರೆ ಅದಕ್ಕಿಂತ ಹಳೇದಾಗ್ಲಿಕ್ಕೆ ಸಾಧ್ಯ ಇಲ್ಲ. ಇದರಲ್ಲಿ ಇಲ್ಲ. ಇಲ್ಲದ್ದು ದೋಷವೂ ಅಲ್ಲ.

ಭಟ್ರು: ಪಟ್ಟಿಯ ಮೇಲೆ ಬಂಗಾರದ ಅಕ್ಷರ ಉಂಟಲ್ಲ. ಅದನ್ನು ಓದುವುದು ಬಿಟ್ಟು ಬಿಲದೊಳಗೆ ಎಂತ ಹುಡುಕುವುದು?

ಪೊರ್ಬು: ಬಂಗಾರದ ಅಕ್ಷರವೇ ಮೋಸ ಮಾಡುವುದು. ಸ್ಟೆಟ್ಸನ್ ಶುರುವಾದದ್ದು 1865ರಲ್ಲಿ ಫಿಲಡೆಲ್ಫಿಯಾದಲ್ಲಿ. ಆ ಕಾರ್ಖಾನೆ ಮುಚ್ಚಿದ್ದು 1971ಕ್ಕೆ. ಮತ್ತೆ ಹೆಸರು ಬಾಡಿಗೆಗೆ ಹೋಯ್ತು, ಬೇರೆಯವರು ಮಾಡ್ಲಿಕ್ಕೆ ಶುರು ಮಾಡಿದ್ರು. ಈಗ ಉಣ್ಣೆಯ ಅಗ್ಗದ ಟೋಪಿಯಲ್ಲೂ ಅದೇ ಹೆಸರು. ಇಟಲಿಯ ಟೋಪಿ ಕಂಪನಿ ಬೊರ್ಸಾಲಿನೊದ್ದು ಮತ್ತೊಂದು ಕಥೆ. 1857ರಲ್ಲಿ ಅಲೆಸಾಂಡ್ರಿಯಾದಲ್ಲಿ ಜುಸೆಪ್ಪೆ ಬೊರ್ಸಾಲಿನೊ ಶುರು ಮಾಡಿದ್ದು. ಮುಂದೆ ಅದೇ ಮನೆತನದಲ್ಲಿ ಪಾಲಾಗಿ ಅದೇ ಊರಿನಲ್ಲಿ ಎರಡನೇ ಬೊರ್ಸಾಲಿನೊ, ‘ಫು ಲಾಝಾರೊ’ ಅಂತ.

ಹಮೀದಾಕ: ಹೆಸರಿಗೆ ಜಗಳ ಮಾಡುವುದರಲ್ಲಿ ನಮ್ಮ ಹೋಟೆಲಿನವರಿಗಿಂತ ಮೊದಲೇ ಇಟಲಿಯವರು!

ಶೆಟ್ರು: ಇದರಲ್ಲಿ 3ಎಕ್ಸ್ ಅಂತಲೂ ಬರ್ದಿದೆ. ಒಳ್ಳೇದಲ್ವಾ?

ಪೊರ್ಬು: ರಮ್ಮಿನ ಬಾಟಲಿಯಲ್ಲೂ ಮೂರು ಎಕ್ಸ್ ಉಂಟು. ಬೀವರ್ ಅಂತ ಒಂದು ಪ್ರಾಣಿ, ಅದರ ರೋಮ ಎಷ್ಟುಂಟು ಅಂತ ಹೇಳ್ಲಿಕ್ಕೆ ಬಂದ ಗುರುತು ಅದು, ಆದ್ರೆ ಎಲ್ಲ ಕಂಪನಿಗೂ ಒಂದೇ ಅಳತೆ ಇಲ್ಲ, ಎಲ್ಲ ಕಾಲಕ್ಕೂ ಇಲ್ಲ. ಎಕ್ಸ್ ಲೆಕ್ಕ ಮಾಡಿ ದುಡ್ಡು ಕೊಟ್ಟವ ಟೋಪಿ ತಗೊಂಡದ್ದಲ್ಲ, ಹಾಕಿಸ್ಕೊಂಡದ್ದು. ಬೆರಳಲ್ಲಿ ನೋಡಿ. ರೋಮದ ಫೆಲ್ಟ್ ತೆಳ್ಳಗೆ, ದಟ್ಟ, ನುಣುಪು; ಬ್ರಿಮ್ಮಿನ ತುದಿ ಬಗ್ಗಿಸಿ ಬಿಟ್ಟರೆ ಪುಟಿದು ಬರ್ತದೆ. ಉಣ್ಣೆಯದ್ದು ದಪ್ಪ, ಮಂಕು, ಒಂದು ಮಳೆಗೆ ಜೋತುಬೀಳ್ತದೆ. ಇದು ರೋಮದ್ದೇ, ಅದರಲ್ಲಿ ಹಮೀದಾಕ ಸುಳ್ಳು ಹೇಳಲಿಲ್ಲ.

ಹಮೀದಾಕ: ಆರು ಸಾವಿರ!

ಪೊರ್ಬು: ನಿಲ್ಲಿ. ಮೇಲಿನ ಸ್ಯಾಟಿನ್ ಅಸ್ತರಿನಲ್ಲಿ ಮಾರಿದ ಅಂಗಡಿಯ ವಿಳಾಸ ಉಂಟು. ಕೊನೆಯ ಸಾಲು ಓದಿ ಭಟ್ರೇ, ಮೂಸದೆ.

ಭಟ್ರು: ‘ನ್ಯೂಯಾರ್ಕ್ 17, ಎನ್.ವೈ.’

ಪೊರ್ಬು: ಆಯ್ತು, ಸಿಕ್ಕಿಬಿದ್ದ! ಅಮೆರಿಕದ ದೊಡ್ಡ ಊರುಗಳಲ್ಲಿ ಊರಿನ ಹೆಸರಿನ ಹಿಂದೆ ಹೀಗೆ ಒಂದು ಸಣ್ಣ ನಂಬ್ರ ಹಾಕ್ಲಿಕ್ಕೆ ಶುರುವಾದದ್ದು 1943ರಲ್ಲಿ. ಐದು ಅಂಕಿಯ ಜಿಪ್ ಕೋಡ್ ಬಂದದ್ದು 1963ರಲ್ಲಿ. 17 ಅಂತ ಇದ್ದರೆ ಈ ಎರಡರ ನಡುವಿನದ್ದು. ಅಂಗಡಿಯವ ಹಳೇ ಅಚ್ಚನ್ನೇ ಮುಂದೆಯೂ ಒತ್ತಿದ್ರೆ 1963ರಿಂದ ನಾಲ್ಕು ವರ್ಷ ಮುಂದೆ ಹೋದೀತು, 1943ರಿಂದ ಹಿಂದೆ ಅಂತೂ ಹೋಗ್ಲಿಕ್ಕಿಲ್ಲ. ನಮ್ಮಲ್ಲೂ ಹಾಗೆಯೇ. ‘ಮಂಗಳೂರು-1’ ಅಂತ ಇದ್ದದ್ದು ‘575001’ ಆದದ್ದು ಪಿನ್‌ಕೋಡ್ ಬಂದ ಮೇಲೆ, 1972ರ ಆಗಸ್ಟ್ 15ರ ನಂತರ. ಬೊಂಬಾಯಿಯ ಅಂಗಡಿಯ ಮುದ್ರೆ ಇರುವ ಟೋಪಿ ಸಿಕ್ಕಿದ್ರೆ ಅದನ್ನೇ ನೋಡಬೇಕು.

ಭಟ್ರು: 1943 ಅಂದ್ರೆ ಪಾದರಸ ನಿಲ್ಲಿಸಿದ ಮೇಲೆ! ನಾನು ಬದುಕಿದೆ.

ಹಮೀದಾಕ: ಭಟ್ರು ಬದುಕಿದ್ರು, ನಾನು ಸತ್ತೆ. ಐದೂವರೆ.

ಪೊರ್ಬು: ಬ್ರಿಮ್ ಅಳೀರಿ. ಎರಡೇ ಇಂಚು. 40ರ ದಶಕದಲ್ಲಿ ಎರಡೂವರೆ ಇಂಚು ಸಾಮಾನ್ಯ. 50ರ ದಶಕ ಮುಗೀತಾ ಬಂದ ಹಾಗೆ ಕಿರಿದಾಗ್ತಾ ಹೋಗಿ, 60ರ ಶುರುವಿಗೆ ಒಂದೂವರೆಗೂ ಇಳೀತು. ಇದು 50ರ ದಶಕದ ಕೊನೆಯದ್ದು ಅಂತ ನನ್ನ ಅಂದಾಜು. ಸಂಗ್ರಹ ಮಾಡುವವರು ಅಗಲ ಬ್ರಿಮ್ಮಿಗೆ ಜಾಸ್ತಿ ಕೊಡ್ತಾರೆ, ಇದಕ್ಕೆ ಕಡಿಮೆ.

ಹಮೀದಾಕ: ಐದು. ಇನ್ನು ಬಾಯಿ ಮುಚ್ಚಿ ಪೊರ್ಬುಗಳೇ.

ಪೊರ್ಬು: ರಿಬ್ಬನ್ ಅಂಚನ್ನು ಉಗುರಿನಲ್ಲಿ ಚೂರು ಎತ್ತಿ. ಒಳಗೆ ಕಡು ಬೂದು, ಹೊರಗೆ ತಿಳಿ. ಇಷ್ಟು ವರ್ಷ ಕಿಟಕಿಯ ಪಕ್ಕ ಇದ್ದದ್ದು. ಬಿಸಿಲಿಗೆ ಹೋದ ಬಣ್ಣ ಬ್ರಷ್ ಹಾಕಿದ್ರೆ ಬರುವುದಿಲ್ಲ. ಈಗ ಟ್ಯೂಬ್‌ಲೈಟಿಗೆ ಹಿಡಿದು ಒಳಗಿನಿಂದ ನೋಡಿ. ಅಸ್ತರು ಎತ್ತಿ ಹಿಡೀಬೇಕು, ಇಲ್ಲದಿದ್ರೆ ಏನೂ ಕಾಣುವುದಿಲ್ಲ.

ಶೆಟ್ರು: ಎರಡು ನಕ್ಷತ್ರ ಕಾಣ್ತದೆ.

ಪೊರ್ಬು: ನುಸಿ. ಬೆಳಕು ಬಂದರೆ ತೂತು, ಅದಕ್ಕೆ ಒಳ್ಳೆಯ ರಿಪೇರಿ ಇಲ್ಲ. ಬೆಳಕು ಬಾರದೆ ಮೇಲ್ಮೈ ಮಾತ್ರ ಗೀರಿದ ಹಾಗೆ ಇದ್ದರೆ ರೋಮ ಎಬ್ಬಿಸಿ ಮರೆ ಮಾಡಬಹುದು. ನುಸಿಯ ಹುಳಕ್ಕೆ ಬರೀ ರೋಮ ಸಾಲುವುದಿಲ್ಲ, ಬೆವರು, ತಲೆಯ ಎಣ್ಣೆ ಹಿಡಿದ ರೋಮ ಆಗಬೇಕು. ಹಾಗಾಗಿ ರಿಬ್ಬನ್ನಿನ ಅಡಿ, ಚರ್ಮದ ಪಟ್ಟಿಯ ಹಿಂದೆ, ಅಲ್ಲೇ ಮೊದಲು ಹುಡುಕಬೇಕು.

ಹಮೀದಾಕ: ನಾಲ್ಕು ಸಾವಿರ. ಶೆಟ್ರೇ, ಇವರನ್ನು ಕರ್ಕೊಂಡು ಬಂದದ್ದು ಯಾರು?

ಶೆಟ್ರು: ಇರ್ಲಿ, ನಾನು ಹಾಕ್ಲಿಕ್ಕೆ ತಗೊಳ್ಳುವುದು.

ಪೊರ್ಬು: ನಿಮ್ಮ ಮಂಡೆ ಎಷ್ಟು? ಹುಬ್ಬಿನ ಮೇಲೆ, ಕಿವಿಯ ಮೇಲೆ ಟೇಪು. 60 ಸೆಂಟಿಮೀಟರ್. ಅಂದ್ರೆ ಅಮೆರಿಕದ 7 1/2. ಸುತ್ತಳತೆಯನ್ನು ಇಂಚಿನಲ್ಲಿ ಹಾಕಿ 3.14ರಿಂದ ಭಾಗಿಸಿದರೆ ಅವರ ನಂಬ್ರ ಬರ್ತದೆ. ಇಂಗ್ಲಿಷ್ ಟೋಪಿ ಆದ್ರೆ 1/8 ಕಡಿಮೆ, ಅವರ 7 ಅಂದ್ರೆ ಇವರ 7 1/8. ಇದರ ಚೀಟಿ 7 3/8, ಅಂದ್ರೆ 59 ಇರಬೇಕು. ಆದ್ರೆ ಪಟ್ಟಿಯ ಒಳಗೆ ಟೇಪು ಹಿಡಿದ್ರೆ ಐವತ್ತೇಳೂವರೆ. ಚರ್ಮ ಒಣಗಿ ಎಳೆದು ಟೋಪಿಯನ್ನೇ ಕುಗ್ಗಿಸಿದೆ. ಹಬೆ ಕೊಟ್ಟು ಟೋಪಿ ಹಿಗ್ಗಿಸುವ ಸ್ಟ್ರೆಚರ್ ಹಾಕಿದ್ರೆ ಒಂದು ಸೆಂಟಿಮೀಟರ್ ಬಂದೀತು; ಅದಕ್ಕಿಂತ ಮೊದಲು ಉಳಿದ ಹೊಲಿಗೆಯೂ ಬಿಟ್ಟೀತು.

ಭಟ್ರು: ಟೋಪಿ ಹಿಗ್ಗುವುದಿಲ್ಲ, ಶೆಟ್ರ ಮಂಡೆ ಕುಗ್ಗುವುದಿಲ್ಲ. ಮಾತು ಮುಗೀತು.

ಶೆಟ್ರು: ಗೋಡೆಗೆ ನೇತು ಹಾಕ್ತೇನೆ. ತೊಳೀಬಹುದಲ್ಲ?

(‘ತೊಳೆಯುವುದು’ ಎಂಬ ಮಾತಿಗೆ ಪೊರ್ಬುಗಳ ಮುಖ ಹೇಗಾಯಿತೆಂದರೆ, ಹಮೀದಾಕ ಸ್ಟೂಲು ಎಳೆದು ಕೊಟ್ಟರು.)

ಪೊರ್ಬು: ನೀರು ತಾಗಿಸಿ ಚಂಡಿ ಮಾಡಲೇಬಾರದು! ಟೋಪಿ ಗಟ್ಟಿ ನಿಲ್ಲುವುದೇ ಒಳಗೆ ಹಾಕಿದ ಅರಗಿನಲ್ಲಿ. ಪೀಠೋಪಕರಣಕ್ಕೆ ಪಾಲಿಶ್ ಹಾಕುವ ಅದೇ ಅರಗು, ಶೆಲ್ಯಾಕ್, ನಮ್ಮ ದೇಶದಿಂದಲೇ ಹೋಗುವ ಮಾಲು. ಸ್ಪಿರಿಟ್ ಹಾಕಿ ಒರೆಸಿದ್ರೆ ಕರಗಿ ಮೇಲೆ ಬಂದು ಬಿಳಿ ಮಚ್ಚೆ. ನೀರಿಗೆ ಹಾಕಿ ಬಿಸಿಲಿಗಿಟ್ರೆ ಕುಗ್ಗಿ ಮಗುವಿನ ಟೋಪಿ. ಮೊದಲು ಮೆತ್ತನೆ ಬ್ರಷ್, ಕುದುರೆ ಕೂದಲಿನದ್ದು, ಗಡಿಯಾರದ ಮುಳ್ಳಿಗೆ ಎದುರಾಗಿ, ರೋಮ ಮಲಗಿದ ದಿಕ್ಕಿಗೆ. ಕಪ್ಪಿಗೆ ಒಂದು, ತಿಳಿ ಬಣ್ಣಕ್ಕೆ ಬೇರೆ. ರಿಬ್ಬನ್ನಿನ ಹತ್ತಿರ ಜಿಡ್ಡು ಇದ್ದರೆ ಒಂದು ಚಮಚ ಮುಲ್ತಾನಿ ಮಿಟ್ಟಿ ಒಣದಾಗಿ ಉದುರಿಸಿ ರಾತ್ರಿ ಬಿಟ್ಟು ಬೆಳಿಗ್ಗೆ ಬ್ರಷ್. ಕಪ್ಪು ಟೋಪಿಗೆ ಬೇಡ, ಪುಡಿ ಹೋಗುವುದೇ ಇಲ್ಲ. ಬ್ರಿಮ್ ಡೊಂಕಾಗಿದ್ರೆ ಕೆಟಲಿನ ಬಾಯಿಯಿಂದ ಒಂದು ಗೇಣು ದೂರ ಹತ್ತು ಸೆಕೆಂಡ್ ಹಬೆ. ಅರಗು ಮೆತ್ತಗಾಗುವ ಹೊತ್ತಿಗೆ ಬೆರಳಲ್ಲಿ ತಿದ್ದಿ, ಆರುವವರೆಗೆ ಹಿಡಿದಿರಬೇಕು. ಚರ್ಮಕ್ಕೆ ಹಬೆ ತಾಗಿತೋ, ಸುರುಟಿ ಹೋಯ್ತು. ಮತ್ತೆ ಮೊಳೆಗೆ ನೇತು ಹಾಕುವುದೂ ಬೇಡ, ಮೊಳೆಯ ಗುರುತು ಗುಬ್ಬಿ ಎದ್ದು ನಿಲ್ತದೆ. ಬ್ರಿಮ್ಮಿನ ಮೇಲೆ ಇಟ್ರೆ ಬ್ರಿಮ್ ಚಪ್ಪಟೆ. ಅಂಗಾತ ಮಲಗಿಸಬೇಕು.

ಶೆಟ್ರು: ಕಪಾಟಿನೊಳಗೆ?

ಪೊರ್ಬು: ನಮ್ಮೂರಿನ ಮಳೆಗಾಲದಲ್ಲಿ ಮುಚ್ಚಿದ ಕಪಾಟು ಅಂದ್ರೆ ಬೂಷ್ಟಿನ ಸಾಕಣೆ ಕೇಂದ್ರ. ಪ್ಲಾಸ್ಟಿಕ್ ಚೀಲ ಇನ್ನೂ ಕಷ್ಟ. ಗಾಳಿಯಾಡುವ ರಟ್ಟಿನ ಪೆಟ್ಟಿಗೆ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ವಾರಕ್ಕೊಮ್ಮೆ ಹೊರಗೆ ತೆಗೆದು ಫ್ಯಾನಿನ ಗಾಳಿ.

ಹಮೀದಾಕ: ಪೆಟ್ಟಿಗೆ ಉಂಟು. (ಮೇಜಿನ ಅಡಿಯಿಂದ ಎಳೆದು, ಒಳಗಿದ್ದ ಹಳೇ ಬಿಲ್ಲುಗಳನ್ನೆಲ್ಲ ನೆಲಕ್ಕೆ ಸುರಿದರು.)

ಪೊರ್ಬು: ಇದೇನು ಕಡ್ಡಿಪೆಟ್ಟಿಗೆಯಾ ಮಾರಾಯ್ರೆ, ಇದನ್ನು ಮೊದಲೇ ತೋರಿಸಬೇಕಿತ್ತು! ಪಕ್ಕದ ಚೀಟಿ ನೋಡಿ: 7 3/8, ಅದೇ ಬೂದು. ಜೋಡಿ ಕೂಡಿದ ಪೆಟ್ಟಿಗೆ. ಯಾವುದೋ ಟೋಪಿ, ಯಾವುದೋ ಪೆಟ್ಟಿಗೆ ಸೇರಿಸಿ ಮಾರುವವರೇ ಜಾಸ್ತಿ.

ಹಮೀದಾಕ: ಪೆಟ್ಟಿಗೆಗೆ ಸಾವಿರ ಬೇರೆ.

ಶೆಟ್ರು: ಪೊರ್ಬುಗಳೇ, ನೀವು ಸ್ವಲ್ಪ ಮೆಲ್ಲ ಹೇಳಬಹುದಿತ್ತು. ಇಂಟರ್‌ನೆಟ್ಟಿನಲ್ಲಿ ಇದಕ್ಕೆ ಎಷ್ಟುಂಟು?

ಪೊರ್ಬು: ಕೇಳಿದ ಬೆಲೆ ನೋಡ್ಬೇಡಿ, ಕೇಳ್ಲಿಕ್ಕೆ ಯಾರಿಗೂ ಖರ್ಚಿಲ್ಲ. ಮಾರಾಟ ಆದ ಬೆಲೆ ನೋಡಿ. ಅದೇ ಮಾದರಿ, ಅದೇ ಬ್ರಿಮ್, ಒಂದು ಸೈಜ್ ಆಚೆ ಈಚೆ. ದೊಡ್ಡ ಸೈಜಿಗೆ ಯಾವಾಗಲೂ ಜಾಸ್ತಿ, ಸಣ್ಣದಕ್ಕೆ ಗಿರಾಕಿ ಕಡಿಮೆ. ಅಲ್ಲಿಂದ ತರಿಸಿದ್ರೆ ಸಾಗಣೆ, ಕಸ್ಟಮ್ಸ್ ಸುಂಕ ಬೇರೆ. ಇದಕ್ಕೆ, ಪೆಟ್ಟಿಗೆ ಸೇರಿ, ಮೂರೂವರೆ ನ್ಯಾಯ.

ಹಮೀದಾಕ: ಆಯ್ತು, ಕೊಡಿ. ಚಾ ನಿಮ್ಮದು.

ಪೊರ್ಬು: ಮನೆಗೆ ಹೋದ ಕೂಡಲೇ ಉಳಿದ ಟೋಪಿ, ಸೀರೆ, ಕೋಟಿನ ಹತ್ತಿರ ಇಡ್ಬೇಡಿ. ನುಸಿಯ ಮೊಟ್ಟೆ ಇದ್ದೀತು. ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಬಿಗಿದು ಡೀಪ್ ಫ್ರೀಜರಿನಲ್ಲಿ ಮೈನಸ್ 18ರಲ್ಲಿ ಎರಡು ವಾರ. ಹೊರಗೆ ತೆಗೆದ ಮೇಲೆ ಒಂದು ದಿವಸ ಚೀಲ ಬಿಚ್ಚಬಾರದು; ತಣ್ಣಗಿನ ಟೋಪಿಗೆ ನಮ್ಮೂರ ಗಾಳಿ ತಾಗಿದ್ರೆ ನೀರು ಕೂರ್ತದೆ.

ಶೆಟ್ರು: ಫ್ರೀಜರಿನಲ್ಲಿ ಅಂಜಲ್ ಮೀನು ಉಂಟಲ್ಲ ಮಾರಾಯ್ರೆ.

ಭಟ್ರು: ಜೂನ್ 1ರವರೆಗೆ ಕಾಯಿರಿ. ಮೀನುಗಾರಿಕೆಗೆ ನಿಷೇಧ, ಜುಲೈ 31ರವರೆಗೆ ಬೋಟು ಕಡಲಿಗಿಳಿಯುವುದಿಲ್ಲ, ಫ್ರೀಜರು ಖಾಲಿಯೇ.

ಪೊರ್ಬು: ಅಷ್ಟರವರೆಗೆ ನುಸಿ ಕಾಯ್ಬೇಕಲ್ಲ! ಇವತ್ತೇ ಇಡಿ.

ಹಮೀದಾಕ: ಶೆಟ್ರೇ, ಅಂಜಲ್ ತೆಗೆದು ಟೋಪಿ ಇಡುವ ವಿಷಯ ಮೊದಲು ಮನೆಯಲ್ಲಿ ಕೇಳಿ ಬನ್ನಿ. ಅವರು ಬೇಡ ಅಂದ್ರೆ ನಾನು ವಾಪಸು ತಗೊಳ್ಳುವುದಿಲ್ಲ, ಈಗಲೇ ಹೇಳಿದೆ.