ಊಟದ ಮೇಜಿನ ಮೇಲೆ ತಾಳಿಕೋಟೆ ಆಡಬಹುದಾ?

ಕುಂಬಳೆಯ ಹೊಸಬ:
ನಾನು, ಭಾವ ಸೇರಿ 15 ಮಿ.ಮೀ. ಗೊಂಬೆ ಸೈನಿಕರಿಗೆ ಬಣ್ಣ ಹಚ್ಚಲು ಶುರು ಮಾಡಿದ್ದೇವೆ. ಮಳೆಗಾಲದಲ್ಲಿ ಬಣ್ಣ ಒಣಗುವುದಿಲ್ಲ, ಅದು ಬೇರೆ ಕಥೆ. ಇವನ್ನಿಟ್ಟು 1565ರ ತಾಳಿಕೋಟೆ ಯುದ್ಧವನ್ನು ಮೇಜಿನ ಮೇಲೆ ಆಟವಾಗಿ ಆಡುವ ಆಸೆ. ಯಾವ ರೂಲ್ಸ್ ಒಳ್ಳೆಯದು?

ಮಂಜೇಶ್ವರದವ:
ಅದರಿಂದ ಶುರು ಮಾಡಬೇಡಿ ಮಾರಾಯ್ರೆ. ಆನೆ, ಕುದುರೆ, ಫಿರಂಗಿ, ಒಂದು ಕಡೆ ವಿಜಯನಗರ, ಇನ್ನೊಂದು ಕಡೆ ಸುಲ್ತಾನರ ಕೂಟ, ಇಷ್ಟಕ್ಕೆಲ್ಲ ಬಣ್ಣ ಹಚ್ಚುವಷ್ಟರಲ್ಲಿ ನಿಮ್ಮ ಭಾವ ಕೈ ಎತ್ತುತ್ತಾರೆ. ಡಿಬಿಎ (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್) ಎಂಬ ರೂಲ್ಸ್ ಪುಸ್ತಕ ನೋಡಿ. ಸೈನ್ಯಕ್ಕೆ 12 ತುಕಡಿ, ಎರಡಡಿ ಚೌಕದ ಜಾಗ, ಅಷ್ಟೇ. ಸರದಿ ಬಂದಾಗ ಒಂದು ದಾಳ ಹಾಕುತ್ತೀರಿ, ಒಂದು ಬಿದ್ದರೆ ಒಂದೇ ಗುಂಪು ನಡೆಯುತ್ತದೆ, ಉಳಿದವರು ಸೇನಾಪತಿಯ ಮಾತೇ ಕೇಳುವುದಿಲ್ಲ! ಅದು ಸುಮಾರು 1500ರವರೆಗಿನ ಕಾಲಕ್ಕೆ ಬರೆದದ್ದು. ಆಮೇಲಿನ ಯುದ್ಧವನ್ನು ಅದರಲ್ಲಿ ಮನೆಯಲ್ಲಿ ಆಡಿದರೆ ಯಾರೂ ಕೇಸು ಹಾಕುವುದಿಲ್ಲ ಬಿಡಿ.

ಹೊಸೂರಿನಿಂದ:
ನಾನು ಒಪ್ಪುವುದಿಲ್ಲ. ಮೊದಲು ಯುದ್ಧ, ಆಮೇಲೆ ರೂಲ್ಸ್. ಎರಡೂ ಕಡೆಯವರಿಗೆ ತಲೆ ಓಡಿಸಲು ಏನಾದರೂ ಇರಬೇಕು, ಅಲ್ವಾ? 1780ರ ಪೊಳ್ಳಿಲೂರು ಯುದ್ಧ ನೋಡಿ. ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಯ್ಲಿಯ ಪಡೆಯನ್ನು ಹೈದರ್, ಟಿಪ್ಪು ಸುತ್ತುವರಿದರು, ಅವನ ಮದ್ದುಗುಂಡಿನ ಗಾಡಿಗಳು ಸಿಡಿದವು, ಕಂಪನಿಯ ಇನ್ನೊಬ್ಬ ಸೇನಾಪತಿ ಮನ್ರೋ ಹತ್ತಿರದ ಕಾಂಚೀಪುರದಲ್ಲಿದ್ದರೂ ಹೊತ್ತಿಗೆ ಬಂದು ಸೇರಲಿಲ್ಲ. ನಡೆದ ಹಾಗೇ ಆಡಿದರೆ ಬೇಯ್ಲಿ ಸುಮ್ನೆ ಸೋಲುತ್ತಾನೆ, ಬೇಜಾರು. ಅದಕ್ಕೇ ನಾವು ನಾಲ್ಕನೇ ಸರದಿಯಿಂದ ಆರು ಬಿದ್ದರೆ ಮನ್ರೋ ಬರುತ್ತಾನೆ ಅಂತ ಇಟ್ಟುಕೊಂಡೆವು. ಆಗ ಮೈಸೂರಿನವರಿಗೂ ಬೆವರು ಬರುತ್ತದೆ.

ಕುಂಬಳೆಯ ಹೊಸಬ:
ಮೈಸೂರಿನ ಸೈನ್ಯದಲ್ಲಿ ರಾಕೆಟ್ ಇದೆ ಎಂದು ಕೇಳಿದ್ದೇ ತಡ, ಭಾವ ಮೈಸೂರು ತನಗೇ ಎಂದರು. ನಾನೇ ಬೇಯ್ಲಿ. ಕಂಪನಿಯವರ ಕೆಂಪು ಕೋಟಿಗೆ ಕೆಂಪು ಬಣ್ಣ ಜಾಸ್ತಿ ತರಬೇಕು.